ಹಳೇ ಚೇತಕ್‌ನ ಹ್ಯಾಂಡಲ್ ಯಾಕೆ ಬಿಗಿಯಾಗುತ್ತದೆ, ಸಡಿಲಿಸುವುದು ಹೇಗೆ?

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು, ತೋರಿಸಿ, ನವೀಕರಿಸಿಕೊಳ್ಳಬೇಕು. ಈಗ ಉಳಿದಿರುವ ಪೆಟ್ರೋಲ್‌ನ ಬಜಾಜ್ ಚೇತಕ್ ಸ್ಕೂಟರುಗಳೆಲ್ಲ ಆ ಗಡಿ ದಾಟಿದವೇ. ಹಾಗಾಗಿ ವರ್ಷಗಟ್ಟಲೆ ಗೋಣಿತಾಟು ಹೊದ್ದು ಮೂಲೆ ಹಿಡಿದಿದ್ದ ಅಪ್ಪನ ಕಾಲದ ಸ್ಕೂಟರನ್ನು ಹೊರಗೆಳೆಯುವ ಪ್ರಸಂಗ ಬರುತ್ತದೆ. ಕಾರ್ಬೊರೇಟರ್ ತೊಳೆದು, ಪ್ಲಗ್ ಬದಲಿಸಿದರೆ ಎಂಜಿನ್ ಹೇಗೋ ಹೊತ್ತಿಕೊಳ್ಳುತ್ತದೆ. ಗಾಡಿ ಬೀದಿಗಿಳಿದ ಮೇಲೆ ಗೊತ್ತಾಗುವುದು: ಹ್ಯಾಂಡಲ್ ತಿರುಗುತ್ತಿಲ್ಲ. ತಿರುಗಿದರೂ ತಿರುಗಿದಲ್ಲೇ ನಿಲ್ಲುತ್ತದೆ, ತಾನಾಗಿ ನೇರಕ್ಕೆ ಬರುವುದಿಲ್ಲ.

ಇದು ಕೈನೋವಿಗಷ್ಟೇ ಸೀಮಿತವಾದ ತೊಂದರೆಯಲ್ಲ. ದ್ವಿಚಕ್ರ ವಾಹನ ನೇರವಾಗಿ ಓಡುವಾಗಲೂ ಸವಾರನ ಕೈ ಎಡಕ್ಕೊಂದು ಕೂದಲೆಳೆ, ಬಲಕ್ಕೊಂದು ಕೂದಲೆಳೆ ಹ್ಯಾಂಡಲನ್ನು ಆಡಿಸುತ್ತಲೇ ಇರುತ್ತದೆ. ಸಮತೋಲ ಉಳಿಯುವುದೇ ಆ ಆಟದಿಂದ. ಹ್ಯಾಂಡಲ್ ಬಿಗಿಯಾದರೆ ಸಣ್ಣ ತಿದ್ದುಪಡಿ ಸಾಧ್ಯವಾಗದೆ ದೊಡ್ಡ ತಿದ್ದುಪಡಿಯೇ ಆಗುತ್ತದೆ. ಗಾಡಿ ಹಾವಿನಂತೆ ಹೊಯ್ದಾಡುತ್ತದೆ, ಅದರಲ್ಲೂ ನಿಧಾನಕ್ಕೆ ಹೋಗುವಾಗ.

ಹ್ಯಾಂಡಲ್ ಅಡಿಯಲ್ಲಿ ಏನಿದೆ

ಚೇತಕ್ ಹುಟ್ಟಿದ್ದು 1972ರಲ್ಲಿ. ಮೂಲ ಇಟಲಿಯ ವೆಸ್ಪಾ. 1946ರಲ್ಲಿ ಬಂದ ಆ ವೆಸ್ಪಾವನ್ನು ರೂಪಿಸಿದ ಕೊರಾಡಿನೊ ದಸ್ಕಾನಿಯೊ ವಿಮಾನದ ಎಂಜಿನಿಯರ್. ಮುಂದಿನ ಚಕ್ರವನ್ನು ಎರಡು ಬದಿ ಹಿಡಿಯದೆ ಒಂದೇ ಬದಿಯ ತೋಳಿಗೆ ತೂಗುಹಾಕಿರುವುದರಲ್ಲಿ ವಿಮಾನದ ಚಕ್ರದ ನೆನಪು ಕಾಣುತ್ತದೆ. ಆ ತೋಳಿನ ಮೇಲ್ಭಾಗ ಒಂದು ಉದ್ದನೆಯ ಕೊಳವೆ. ಅದಕ್ಕೆ ಇಲ್ಲಿ ಫೋರ್ಕ್ ಎನ್ನೋಣ. ಅದು ಗಾಡಿಯ ಮೈಗೆ ಬೆಸೆದಿರುವ ಇನ್ನೊಂದು ಕೊಳವೆಯೊಳಗೆ ಕೆಳಗಿನಿಂದ ತೂರಿ ಮೇಲೆ ಬರುತ್ತದೆ. ಮೇಲೆ ಬಂದ ತುದಿಗೆ ಹ್ಯಾಂಡಲನ್ನು ಕೂರಿಸಿ, ಒಂದು ಕ್ಲಾಂಪ್ ಬೋಲ್ಟಿನಿಂದ ಬಿಗಿದಿರುತ್ತಾರೆ.

ಕೊಳವೆಯೊಳಗೆ ಕೊಳವೆ ಸುಮ್ಮನೆ ಉಜ್ಜಿಕೊಂಡು ತಿರುಗಿದರೆ ನಾಲ್ಕು ದಿನಕ್ಕೆ ಸವೆದುಹೋಗುತ್ತದೆ. ಅದಕ್ಕೇ ಮೇಲೊಂದು, ಕೆಳಗೊಂದು ಗುಂಡಿನ ಸಾಲು. ಅಡುಗೆಮನೆಯ ಕಟ್ಟೆ ಮೇಲೆ ಒಂದು ಚಮಚ ಸಾಸಿವೆ ಹರಡಿ ಅದರ ಮೇಲೆ ತಟ್ಟೆ ಇಟ್ಟು ತಿರುಗಿಸಿ ನೋಡಿ. ತಟ್ಟೆಯ ಮೇಲೆ ತೂಕ ಹೇರಿದರೂ ಸರಾಗವಾಗಿ ಸುತ್ತುತ್ತದೆ. ಇಲ್ಲಿ ಸಾಸಿವೆಯ ಜಾಗದಲ್ಲಿ ಉಕ್ಕಿನ ಗುಂಡು. ಗುಂಡು ಓಡಾಡುವ ಬಟ್ಟಲಿನಂಥ ಬಳೆಗೆ ಕಪ್ ಎನ್ನುತ್ತಾರೆ, ಅದಕ್ಕೆ ಎದುರಾಗಿ ಕೂರುವ ಬಳೆಗೆ ಕೋನ್. ಎಲ್ಲ ಸೇರಿ ಅಂಗಡಿಯಲ್ಲಿ ಕೇಳುವ ಹೆಸರು ಕೋನ್ ಸೆಟ್ ಅಥವಾ ಬಾಲ್ ರೇಸರ್ ಸೆಟ್.

ಎರಡೂ ಸಾಲು ನೋಡಲು ಒಂದೇ ತರಹ, ಕೆಲಸ ಮಾತ್ರ ಬೇರೆ. ಗಾಡಿಯ ಮುಂಭಾಗದ ಭಾರವೆಲ್ಲ ಕೂರುವುದು ಕೆಳಗಿನ ಸಾಲಿನ ಮೇಲೆ. ಹಳ್ಳಕ್ಕೆ ಬಿದ್ದಾಗಿನ ಪೆಟ್ಟನ್ನು ತಿನ್ನುವುದೂ ಅದೇ. ಮೇಲಿನದು ಫೋರ್ಕ್ ಅಲುಗಾಡದಂತೆ ಹಿಡಿದುಕೊಂಡಿರುತ್ತದೆ, ಅಷ್ಟೆ. ಸಾಲದ್ದಕ್ಕೆ ಚಕ್ರ ಎರಚುವ ಕೆಸರು, ನೀರು ನೇರ ಕೆಳಗಿನದರ ಬಾಯಿಗೇ. ಹ್ಯಾಂಡಲ್ ಬಿಗಿಯೆಂದು ಬಂದ ಗಾಡಿಯಲ್ಲಿ ಮೊದಲು ಅನುಮಾನಿಸಬೇಕಾದ್ದು ಕೆಳಗಿನ ಕಪ್ಪನ್ನೇ. ವಿಪರ್ಯಾಸವೆಂದರೆ ಸುಲಭಕ್ಕೆ ಕೈಗೆಟಕುವುದು ಮೇಲಿನದು. ಹೀಗಾಗಿ ಎಷ್ಟೋ ರಿಪೇರಿಗಳು ಮೇಲಿನದಕ್ಕೆ ಗ್ರೀಸ್ ಮೆತ್ತಿ ಅಲ್ಲಿಗೇ ಮುಗಿಯುತ್ತವೆ.

ಬಿಗಿಯಾಗುವುದು ಯಾಕೆ

ಮೊದಲನೆಯದು ಒಣಗಿದ ಗ್ರೀಸ್. ಗ್ರೀಸ್ ಎಂದರೆ ಸೋಪಿನಂಥ ಜಾಲದಲ್ಲಿ ಹಿಡಿದಿಟ್ಟ ಎಣ್ಣೆ. ವರ್ಷಗಳಲ್ಲಿ ಎಣ್ಣೆ ಆರಿ, ಸೋಪು ಮಾತ್ರ ಉಳಿದು ಮೇಣದಂತೆ ಗಟ್ಟಿಯಾಗುತ್ತದೆ. ನಿಂತ ಗಾಡಿಯಲ್ಲಿ ಇದು ಇನ್ನೂ ಬೇಗ ಬಾಧಿಸುತ್ತದೆ, ಗುಂಡು ಉರುಳದಿದ್ದರೆ ಇರುವ ಗ್ರೀಸೂ ಹರಡುವುದಿಲ್ಲ.

ಎರಡನೆಯದು ತುಕ್ಕು. ಮಳೆನೀರಿಗಿಂತ ಹೆಚ್ಚು ಹಾನಿ ಮಾಡುವುದು ವಾಟರ್ ಸರ್ವೀಸಿನ ಒತ್ತಡದ ನೀರು. ಪೈಪಿನ ಮೂತಿಯನ್ನು ಮಡ್‌ಗಾರ್ಡ್ ಒಳಗೆ ಮೇಲ್ಮುಖ ಹಿಡಿದರೆ ನೀರು ಧೂಳುತಡೆಯ ರಬ್ಬರನ್ನು ದಾಟಿ ಕೆಳಗಿನ ಕಪ್ಪಿಗೆ ನುಗ್ಗುತ್ತದೆ. ನುಗ್ಗಿದ ನೀರಿಗೆ ಹೊರಬರುವ ದಾರಿ ಇಲ್ಲ.

ಮೂರನೆಯದೇ ನಿಜವಾದ ಕಾಯಿಲೆ: ಗುಳಿ. ಗಾಡಿ ಓಡುವ ಹೆಚ್ಚಿನ ಹೊತ್ತು ಹ್ಯಾಂಡಲ್ ನೇರವಾಗೇ ಇರುತ್ತದೆ, ಅಂದರೆ ಪ್ರತಿ ಗುಂಡೂ ಕಪ್ಪಿನ ಒಂದೇ ಜಾಗದಲ್ಲಿ ಕೂತು ಪೆಟ್ಟು ತಿನ್ನುತ್ತದೆ. ಸಾವಿರಾರು ಹಳ್ಳ, ಹಂಪ್ ದಾಟಿದ ಮೇಲೆ ಹೋಳಿಗೆ ಕಣಕಕ್ಕೆ ಬೆರಳೊತ್ತಿದಂತೆ ಕಪ್ಪಿನಲ್ಲಿ ಸಾಲಾಗಿ ಸಣ್ಣ ಗುಳಿ ಮೂಡುತ್ತವೆ. ಹ್ಯಾಂಡಲ್ ನೇರಕ್ಕೆ ಬಂದೊಡನೆ ಗುಂಡುಗಳೆಲ್ಲ ಒಟ್ಟಿಗೆ ಗುಳಿಗಿಳಿದು ಟಕ್ಕನೆ ಕಚ್ಚಿಕೊಳ್ಳುತ್ತವೆ. ಎಂಜಿನಿಯರುಗಳು ಇದನ್ನು ಬ್ರಿನೆಲಿಂಗ್ ಎನ್ನುತ್ತಾರೆ. ಲೋಹದ ಮೇಲೆ ಉಕ್ಕಿನ ಗುಂಡನ್ನು ಒತ್ತಿ, ಮೂಡಿದ ಗುಳಿ ಅಳೆದು ಗಟ್ಟಿತನ ಹೇಳುವ ಪರೀಕ್ಷೆಯನ್ನು 1900ರಲ್ಲಿ ಮುಂದಿಟ್ಟ ಸ್ವೀಡನ್ನಿನ ಬ್ರಿನೆಲ್ ಅವರ ಹೆಸರು ಇದು. ಹ್ಯಾಂಡಲ್ ಸಡಿಲವಿದ್ದರೆ ಗುಳಿ ಇನ್ನೂ ಬೇಗ ಬೀಳುತ್ತದೆ, ಪ್ರತಿ ಹಳ್ಳದಲ್ಲೂ ಗುಂಡು ಸುತ್ತಿಗೆಯಾಗುತ್ತದೆ.

ನಾಲ್ಕನೆಯದು ಅತಿಬಿಗಿ. ಇದು ಕಾಯಿಲೆಯಲ್ಲ, ರಿಪೇರಿಯ ಫಲ. ಮುಂದೆ ವಿವರವಾಗಿ ನೋಡೋಣ.

ಇವಿಷ್ಟೂ ಬೇರಿಂಗಿನ ತೊಂದರೆ. ಬೇರಿಂಗ್ ಸರಿಯಿದ್ದೂ ಹ್ಯಾಂಡಲ್ ಬಿಗಿಯಾಗಬಹುದು. ಚೇತಕ್‌ನಲ್ಲಿ ಗೇರೂ ಕೈಯಲ್ಲೇ ಇರುವುದರಿಂದ ಎರಡು ಗೇರ್ ಕೇಬಲ್, ಕ್ಲಚ್, ಆಕ್ಸಿಲರೇಟರ್, ಮುಂದಿನ ಬ್ರೇಕ್, ಸ್ಪೀಡೋಮೀಟರ್ ಕೇಬಲ್, ಜೊತೆಗೆ ವೈರಿನ ಕಂತೆ, ಎಲ್ಲ ಹ್ಯಾಂಡಲ್ ಒಳಗಿನಿಂದಲೇ ಹಾಯುತ್ತವೆ. ಹೊರಕವಚ ಒಣಗಿ ಸೆಟೆದ ಕೇಬಲ್‌ಗಳು ಹ್ಯಾಂಡಲ್ ತಿರುಗಿದಂತೆ ಬಾಗದೆ ಸ್ಪ್ರಿಂಗಿನಂತೆ ತಿರುಗಿ ದಬ್ಬುತ್ತವೆ. ಹ್ಯಾಂಡಲ್ ಲಾಕಿನ ನಾಲಗೆ ಪೂರ್ತಿ ಹಿಂದೆ ಸರಿಯದೆ ಫೋರ್ಕಿಗೆ ತಾಗುತ್ತಿರಬಹುದು. ಎಲ್ಲಿಯೋ ಗುದ್ದಿ ಬಗ್ಗಿದ ಮಡ್‌ಗಾರ್ಡ್ ಮುಂದಿನ ತಗಡಿಗೆ ಉಜ್ಜುತ್ತಿರಬಹುದು. ಇನ್ನೂ ಸರಳ ಕಾರಣವೆಂದರೆ ಟೈರಿನಲ್ಲಿ ಗಾಳಿ ಇಲ್ಲದಿರುವುದು. ಈ ಜಾತಿಯ ಸ್ಕೂಟರಿನ ಮುಂದಿನ ಟೈರಿಗೆ ಬೇಕಾದ್ದು ಸುಮಾರು 18 ಪಿಎಸ್‌ಐ, ಅದು ಎಂಟಕ್ಕೋ ಹತ್ತಕ್ಕೋ ಇಳಿದರೆ ಹೊಸ ಗಾಡಿಯ ಹ್ಯಾಂಡಲೂ ಕಲ್ಲಾಗುತ್ತದೆ.

ಬಿಚ್ಚುವ ಮೊದಲು ಬೆರಳಿನಿಂದ ಪರೀಕ್ಷೆ

ಗಾಳಿ ತುಂಬಿಸಿದ ಮೇಲೆ ಗಾಡಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ. ಹಿಂದಿನ ಸೀಟಿನಲ್ಲಿ ಒಬ್ಬರನ್ನು ಕೂರಿಸಿ, ಮುಂದಿನ ಚಕ್ರ ನೆಲಬಿಟ್ಟಿರಲಿ. ಈಗ ಹ್ಯಾಂಡಲಿನ ಒಂದು ತುದಿಯನ್ನು ಒಂದೇ ಬೆರಳಿನಿಂದ ತಳ್ಳಿ, ಎಡತುದಿಯಿಂದ ಬಲತುದಿಯವರೆಗೆ ನಿಧಾನಕ್ಕೆ ಒಯ್ಯಿರಿ. ಆರೋಗ್ಯವಾಗಿರುವ ಹ್ಯಾಂಡಲನ್ನು ನೇರದಿಂದ ಸ್ವಲ್ಪ ಸರಿಸಿ ಬಿಟ್ಟರೆ ತಾನೇ ಆ ಬದಿಗೆ ವಾಲಿಕೊಳ್ಳುತ್ತದೆ.

ಬೆರಳಿಗೆ ಏನು ತಿಳಿಯುತ್ತದೆ ಎಂಬುದರ ಮೇಲೆ ಮುಂದಿನ ದಾರಿ. ಉದ್ದಕ್ಕೂ ಒಂದೇ ಸಮನೆ ಭಾರವಿದ್ದರೆ ಗ್ರೀಸ್ ಒಣಗಿದೆ, ಇಲ್ಲವೇ ಯಾರೋ ಬಿಗಿ ಹೆಚ್ಚು ಮಾಡಿದ್ದಾರೆ. ಸರಿಯಾಗಿ ನಡುವಿನಲ್ಲಿ ಕಚ್ಚಿದರೆ ಗುಳಿ ಬಿದ್ದಿದೆ. ಮರಳು ಅರೆದಂತೆ ಕರಕರ ಎಂದರೆ ತುಕ್ಕು. ನಡುವೆ ಹಗುರವಾಗಿದ್ದು ತುದಿಗೆ ಹೋದಂತೆ ಭಾರವಾಗಿ, ಬೆರಳು ತೆಗೆದೊಡನೆ ಹಿಂದಕ್ಕೆ ಪುಟಿದರೆ ಅದು ಕೇಬಲ್‌ಗಳ ಕೆಲಸ, ಕೋನ್ ಸೆಟ್ಟಿಗೆ ದುಡ್ಡು ಹಾಕಬೇಡಿ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ, ಮತ್ತೆ ಬಿಗಿ ಎಂದು ಬದಲಾಗುತ್ತಿದ್ದರೆ ಫೋರ್ಕ್ ಬಗ್ಗಿರಬಹುದು ಅಥವಾ ಕಪ್ ಓರೆಯಾಗಿ ಕೂತಿರಬಹುದು. ಚಕ್ರ ಮೇಲಿದ್ದಾಗ ಹಗುರ, ನೆಲಕ್ಕಿಟ್ಟರೆ ಭಾರ ಎಂದಾದರೆ ಟೈರನ್ನು ಮತ್ತೆ ನೋಡಿ.

ಇದೇ ಹೊತ್ತಿಗೆ ಸಡಿಲವಿದೆಯೇ ಎಂದೂ ನೋಡಿಬಿಡಿ. ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆದಾಡಿ. ಇನ್ನೊಬ್ಬರು ಮಡ್‌ಗಾರ್ಡ್ ಮೇಲೆ, ಫೋರ್ಕ್ ಮೈಯೊಳಗೆ ಹೋಗುವ ಸಂದಿನಲ್ಲಿ ಬೆರಳಿಟ್ಟಿರಲಿ. ಟಕಟಕ ಅಲ್ಲೇ ತಾಗಿದರೆ ಕೋನ್ ಸಡಿಲ. ಸಂದು ಸುಮ್ಮನಿದ್ದು ಚಕ್ರದ ಬಳಿ ಮಾತ್ರ ಆಡಿದರೆ ಚಕ್ರದ ತೋಳಿನ ಪಿನ್ ಸವೆದಿದೆ, ಅದು ಬೇರೆಯೇ ಕೆಲಸ.

ಬೇಕಾಗುವ ಸಾಮಾನು

ಕೋನ್ ಸೆಟ್ ಒಂದು, ಲಿಥಿಯಂ ಗ್ರೀಸ್ 50 ಗ್ರಾಂ (ಉಳಿಯುತ್ತದೆ), ಸೀಮೆಎಣ್ಣೆ ಅಥವಾ ಡೀಸೆಲ್ ಅರ್ಧ ಲೀಟರ್, ಬಟ್ಟೆ ವೇಸ್ಟ್, ಸ್ಪ್ಯಾನರ್ ಸೆಟ್, ಸುತ್ತಿಗೆ, ಎರಡಡಿ ಉದ್ದದ ಕಬ್ಬಿಣದ ಸರಳು, ಫೋರ್ಕಿನ ಕೊಳವೆಯ ಮೇಲೆ ಸಡಿಲವಾಗಿ ತೊಡಿಸುವಷ್ಟು ಅಗಲದ ಪೈಪಿನ ತುಂಡು. ಇದರ ಮೇಲೆ ಒಂದು ವಿಶೇಷ ಉಪಕರಣ ಬೇಕು: ಕೊಕ್ಕೆ ಸ್ಪ್ಯಾನರ್. ಕೋನನ್ನು ಹಿಡಿದಿಡುವ ನಟ್ಟು ಆರು ಮೂಲೆಯದ್ದಲ್ಲ, ಅಂಚಿನಲ್ಲಿ ಕಚ್ಚುಗಳಿರುವ ದುಂಡನೆಯ ಬಳೆ. ಗ್ಯಾರೇಜುಗಳಲ್ಲಿ ಅದನ್ನು ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ತಿರುಗಿಸುವುದು ರೂಢಿ. ಬಿಚ್ಚುವುದಕ್ಕೆ ಅದು ಹೇಗೋ ನಡೆಯುತ್ತದೆ. ಬಿಗಿಯುವಾಗ ಮಾತ್ರ ಉಳಿಯ ಪೆಟ್ಟಿಗೆ ಎಷ್ಟು ಬಿಗಿಯಾಯಿತು ಎಂಬ ಅಂದಾಜು ಕೈಗೆ ಸಿಗುವುದೇ ಇಲ್ಲ. ಈ ಸ್ಪ್ಯಾನರಿಗೆ ಕೊಟ್ಟ ದುಡ್ಡು ದಂಡವಲ್ಲ.

ಬಿಚ್ಚುವುದು

ಬ್ಯಾಟರಿ ಇದ್ದರೆ ವೈರ್ ತೆಗೆಯಿರಿ. ಹ್ಯಾಂಡಲ್ ಲಾಕ್ ಬಿಟ್ಟಿರಲಿ, ಲಾಕಾಗಿದ್ದರೆ ಫೋರ್ಕ್ ಕೆಳಗಿಳಿಯುವುದಿಲ್ಲ. ಹ್ಯಾಂಡಲ್ ಮೇಲಿನ ಮುಚ್ಚಳದ ಸ್ಕ್ರೂಗಳು ಅಡಿಯಲ್ಲಿವೆ. ಮುಚ್ಚಳ ಎತ್ತುವ ಮೊದಲು ಸ್ಪೀಡೋಮೀಟರ್ ಕೇಬಲಿನ ತಲೆ ಬಿಚ್ಚಿ. ಮುಚ್ಚಳ ತೆಗೆದೊಡನೆ ಮೊಬೈಲಿನಲ್ಲಿ ಎರಡು ಫೋಟೊ ತೆಗೆದಿಟ್ಟುಕೊಳ್ಳಿ. ಯಾವ ಕೇಬಲ್ ಯಾವುದರ ಮೇಲೆ ಹಾಯುತ್ತಿತ್ತು ಎಂಬುದು ಸಂಜೆಗೆ ನೆನಪಿರುವುದಿಲ್ಲ.

ಮುಂದಿನ ಬ್ರೇಕ್ ಕೇಬಲ್ ಮತ್ತು ಸ್ಪೀಡೋಮೀಟರ್ ಕೇಬಲ್ ಫೋರ್ಕಿನ ಕೊಳವೆಯೊಳಗಿನಿಂದ ಕೆಳಗಿಳಿಯುತ್ತವೆ. ಎರಡನ್ನೂ ಚಕ್ರದ ಬಳಿ ಬಿಚ್ಚಿ, ಆ ತುದಿಗೊಂದು ಗಟ್ಟಿ ದಾರ ಕಟ್ಟಿ, ಆಮೇಲೆ ಮೇಲಕ್ಕೆ ಎಳೆದುಕೊಳ್ಳಿ. ದಾರ ಕೊಳವೆಯೊಳಗೆ ಉಳಿಯುತ್ತದೆ, ಮರುಜೋಡಣೆಯಲ್ಲಿ ಅದೇ ದಾರ ಹಿಡಿದು ಕೇಬಲನ್ನು ವಾಪಸ್ ಇಳಿಸಬಹುದು. ಫೋರ್ಕ್ ಹೊರಬರುವಾಗ ದಾರದ ಮೇಲ್ತುದಿ ಬಿಡಿಸಿ ಫೋರ್ಕಿಗೇ ಸುತ್ತಿಟ್ಟರಾಯಿತು.

ಕ್ಲಾಂಪ್ ಬೋಲ್ಟನ್ನು ಬರೀ ಸಡಿಲಿಸಿದರೆ ಸಾಲದು, ಪೂರ್ತಿ ಹೊರತೆಗೆಯಬೇಕು. ಅದು ಫೋರ್ಕಿನ ಮೇಲಿರುವ ಒಂದು ತೋಡಿನ ಮೂಲಕ ಹಾಯ್ದು ಹ್ಯಾಂಡಲನ್ನು ಹಿಡಿದಿರುತ್ತದೆ. ಬೋಲ್ಟ್ ಒಳಗಿರುವಾಗಲೇ ಹ್ಯಾಂಡಲನ್ನು ಕೆಳಗಿನಿಂದ ಬಡಿಯುವವರಿದ್ದಾರೆ. ಹ್ಯಾಂಡಲಿನ ಮೈ ಅಲ್ಯೂಮಿನಿಯಂ ಎರಕ, ಬಿರುಕು ಬಿಟ್ಟರೆ ಮುಗಿಯಿತು. ಬೋಲ್ಟ್ ತೆಗೆದ ಮೇಲೆ ಎರಡು ಬದಿ ಹಿಡಿದು ಅಲುಗಿಸುತ್ತಾ ಎತ್ತಿ. ಉಳಿದ ಕೇಬಲ್‌ಗಳು ಜೋಡಿಯಾಗೇ ಇರಲಿ, ಹ್ಯಾಂಡಲನ್ನು ಪಕ್ಕಕ್ಕೆ ವಾಲಿಸಿ ದಾರದಲ್ಲಿ ಕಟ್ಟಿಡಬಹುದು.

ಈಗ ಕಚ್ಚಿನ ನಟ್ಟು, ಅದರಡಿಯ ವಾಷರ್, ಅದರಡಿಯ ಮೇಲಿನ ಕೋನ್ ಈ ಕ್ರಮದಲ್ಲಿ ಬರುತ್ತವೆ. ಮುಂದಿನ ಚಕ್ರ ಮೊದಲೇ ಬಿಚ್ಚಿದ್ದರೆ ಗಾಡಿಯನ್ನು ಎತ್ತಬೇಕಾದ ಎತ್ತರ ಕಡಿಮೆ. ಕೋನ್ ತೆಗೆಯುವ ಮೊದಲು ಫೋರ್ಕಿನಡಿ ಇಟ್ಟಿಗೆಯೋ ಮರದ ತುಂಡೋ ಕೊಟ್ಟಿರಿ, ನೆಲಕ್ಕೆ ಹಳೇ ಪಂಚೆ ಹಾಸಿ. ಕೆಲವು ಸೆಟ್ಟುಗಳಲ್ಲಿ ಗುಂಡುಗಳು ತಗಡಿನ ಪಂಜರದಲ್ಲಿ ಕೂತಿರುತ್ತವೆ, ಕೆಲವದರಲ್ಲಿ ಬಿಡಿಬಿಡಿ. ಬಿಡಿಯಾದವು ಫೋರ್ಕ್ ಇಳಿದೊಡನೆ ಚೆಲ್ಲಾಪಿಲ್ಲಿ. ಹೊಸದು ಹಾಕುವುದಿದ್ದರೂ ಹಳೆಯವನ್ನು ಎಣಿಸಿ ಬರೆದಿಡಿ, ಮೇಲಿನದೆಷ್ಟು, ಕೆಳಗಿನದೆಷ್ಟು.

ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಕಪ್ಪನ್ನು ಬೆಳಕಿಗೆ ಹಿಡಿದು ನೋಡಿ. ಗುಂಡು ಓಡಿದ ದಾರಿ ಕನ್ನಡಿಯಂತೆ ಹೊಳೆಯುತ್ತಿದ್ದರೆ ಗ್ರೀಸಷ್ಟೇ ಸಾಕು. ಕಣ್ಣಿಗೆ ಕಾಣದ್ದು ಉಗುರಿಗೆ ತಿಳಿಯುತ್ತದೆ. ಹೆಬ್ಬೆರಳಿನ ಉಗುರನ್ನು ಆ ದಾರಿಯಲ್ಲಿ ಎಳೆಯಿರಿ, ತಡೆದು ತಡೆದು ಹೋದರೆ ಗುಳಿ ಇದೆ. ಎಮರಿ ಕಾಗದದಲ್ಲಿ ಉಜ್ಜಿ ಗುಳಿ ಹೋಗಿಸಲಾಗದು. ಕಪ್ಪಿನ ಗಟ್ಟಿತನವೆಲ್ಲ ಮೇಲ್ಪದರದಲ್ಲಿದೆ, ಅದನ್ನೇ ಉಜ್ಜಿದರೆ ಹೊಸ ಗುಳಿ ಇನ್ನೂ ಬೇಗ. ಗುಂಡು ಮಾತ್ರ ಹೊಸದು ಹಾಕಿ ಹಳೇ ಕಪ್ ಉಳಿಸಿಕೊಳ್ಳುವುದೂ ಹಾಗೆಯೇ, ತಿಂಗಳೊಳಗೆ ಮತ್ತೆ ಬಿಚ್ಚುವ ಕೆಲಸ.

ಕಪ್ ಬದಲಿಸುವುದು

ಕಪ್‌ಗಳು ಗಾಡಿಯ ಕೊಳವೆಯ ಎರಡೂ ಬಾಯಿಗೆ ಒತ್ತಿ ಕೂರಿಸಿದವು. ಮೇಲಿನ ಕಪ್ ತೆಗೆಯಲು ಸರಳನ್ನು ಕೆಳಗಿನಿಂದ ತೂರಿಸಿ, ಕೆಳಗಿನದಕ್ಕೆ ಮೇಲಿನಿಂದ. ಒಂದೇ ಕಡೆ ಹೊಡೆಯದೆ ಗಡಿಯಾರದ 12, 6, 3, 9ರ ಜಾಗದಲ್ಲಿ ಸುತ್ತಿ ಸುತ್ತಿ ಹೊಡೆದರೆ ನೆಟ್ಟಗೆ ಹೊರಬರುತ್ತದೆ. ಫೋರ್ಕಿನ ಬುಡದಲ್ಲಿ ಕೂತಿರುವ ಕೆಳಗಿನ ಕೋನನ್ನು ಅಂಚಿನಡಿ ಉಳಿ ಕೊಟ್ಟು, ಹೀಗೇ ಸುತ್ತಿ ಎಬ್ಬಿಸಬೇಕು. ಅದರಡಿಯ ಧೂಳುತಡೆಯನ್ನು ಮರೆಯದೆ ಹೊಸದು ಹಾಕಿ. ಕೆಸರಿಗೂ ಗುಂಡಿಗೂ ನಡುವೆ ಇರುವುದು ಅದೊಂದೇ.

ಹೊಸ ಕಪ್ಪನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿಟ್ಟರೆ ಕೆಲಸ ಸಲೀಸು. 40 ಮಿ.ಮೀ ಅಗಲದ ಉಕ್ಕಿನ ಬಳೆ 40 ಡಿಗ್ರಿ ತಣ್ಣಗಾದರೆ ಕುಗ್ಗುವುದು ಸುಮಾರು 0.02 ಮಿ.ಮೀ. ಕೇಳಲು ಏನೂ ಅಲ್ಲ, ಒತ್ತಿ ಕೂರುವ ಭಾಗಗಳಲ್ಲಿ ಅಷ್ಟೇ ದೊಡ್ಡದು. ಹಳೇ ಕಪ್ಪನ್ನು ಹೊಸದರ ಮೇಲೆ ಬೋರಲಾಗಿಟ್ಟು ಅದರ ಮೇಲೆ ಹೊಡೆಯಿರಿ. ಗುಂಡು ಓಡುವ ಜಾಗಕ್ಕೆ ಸುತ್ತಿಗೆ ತಾಗಲೇಕೂಡದು. ಒಳಗೆ ಹೋಗುತ್ತಿರುವಾಗ ಸದ್ದು ಮಂದವಾಗಿರುತ್ತದೆ, ತಳಮುಟ್ಟಿದೊಡನೆ ಟಣ್ ಎಂದು ಗಟ್ಟಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ಅಂಚಿನ ಸುತ್ತ ಕಾಗದದ ಚೂರು ತೂರಿಸಿ ನೋಡಿ. ಎಲ್ಲಾದರೂ ತೂರಿದರೆ ಆ ಬದಿ ಇನ್ನೂ ಕೂತಿಲ್ಲ. ಫೋರ್ಕಿನ ಕೋನಿಗೆ ಪೈಪಿನ ತುಂಡು ಬಳಸಿ ಇದೇ ರೀತಿ.

ಫೋರ್ಕ್ ಹೊರಗಿರುವಾಗ ಅದರ ಕೊಳವೆಗೆ ನೇರ ಪಟ್ಟಿ ತಾಗಿಸಿ ಬೆಳಕು ನೋಡಿ. ಬಗ್ಗಿದ್ದರೆ ಎಂಥ ಕೋನ್ ಸೆಟ್ಟಿನಿಂದಲೂ ಸರಿಹೋಗುವುದಿಲ್ಲ. ಕಾಯಿಸಿ ನೆಟ್ಟಗೆ ಮಾಡಿಸಿದ ಕೊಳವೆಯ ಬಲವನ್ನು ನಂಬುವಂತಿಲ್ಲ, ಬದಲಿಸುವುದೇ ಸರಿ.

ಗ್ರೀಸ್ ಮತ್ತು ಗುಂಡು

ಎರಡೂ ಕಪ್ಪಿಗೆ ಗ್ರೀಸನ್ನು ಧಾರಾಳವಾಗಿ ಮೆತ್ತಿ, ಗುಂಡುಗಳನ್ನು ಒಂದೊಂದೇ ಅದರಲ್ಲಿ ನೆಡುತ್ತಾ ಹೋಗಿ. ಕೆಳಗಿನ ಸಾಲನ್ನು ಫೋರ್ಕಿನ ಕೋನ್ ಮೇಲೆ ಜೋಡಿಸಿದರೆ ಬೀಳುವುದಿಲ್ಲ. ಬಿಡಿ ಗುಂಡಾದರೆ ಸಾಲು ತುಂಬಿದ ಮೇಲೂ ಒಂದು ಗುಂಡಿಗಿಂತ ತುಸು ಕಡಿಮೆ ಜಾಗ ಖಾಲಿ ಉಳಿಯಬೇಕು. ಜಾಗವಿದೆಯಲ್ಲ ಎಂದು ಇನ್ನೊಂದನ್ನು ತುರುಕಿದರೆ ಗುಂಡುಗಳು ಉರುಳದೆ ಒಂದನ್ನೊಂದು ಉಜ್ಜುತ್ತವೆ. ಹಳೆಯದು ಹೊಸದು ಬೆರೆಸಬೇಡಿ. ಒಂದು ಗುಂಡು ಕೂದಲಿನಷ್ಟು ದಪ್ಪವಿದ್ದರೂ ಭಾರವೆಲ್ಲ ಅದರ ಮೇಲೇ ಬಿದ್ದು, ಅದರಡಿಯಲ್ಲೇ ಮೊದಲ ಗುಳಿ ಬೀಳುತ್ತದೆ.

ಬಿಚ್ಚದೆ, ಸಂದಿನಿಂದ ತುಕ್ಕುಬಿಡಿಸುವ ಸ್ಪ್ರೇ ಹೊಡೆಯುವ ಅಡ್ಡದಾರಿಯೂ ಚಾಲ್ತಿಯಲ್ಲಿದೆ. ಎರಡು ದಿನ ಹ್ಯಾಂಡಲ್ ಹಗುರಾಗುವುದು ನಿಜ. ಆ ತೆಳು ಎಣ್ಣೆ ಉಳಿದಿದ್ದ ಗ್ರೀಸನ್ನೂ ತೊಳೆದುಕೊಂಡು ಹೋಗುತ್ತದೆ.

ಎಷ್ಟು ಬಿಗಿಯಬೇಕು

ಹೊಸ ಕೋನ್ ಸೆಟ್ ಹಾಕಿಸಿಯೂ ಹ್ಯಾಂಡಲ್ ಬಿಗಿ ಎನ್ನುವವರ ಗಾಡಿ ಕೆಟ್ಟಿರುವುದು ಸಾಮಾನ್ಯವಾಗಿ ಈ ಹಂತದಲ್ಲೇ.

ಫೋರ್ಕನ್ನು ಮೇಲಕ್ಕೆ ತೂರಿಸಿ, ಮೇಲಿನ ಕೋನನ್ನು ಕೈಯಲ್ಲೇ ತಿರುಗಿಸಿ ಕೂರಿಸಿ. ಕೊಕ್ಕೆ ಸ್ಪ್ಯಾನರಿನಿಂದ ಅಲುಗಾಟ ಪೂರ್ತಿ ಹೋಗುವವರೆಗೆ ಬಿಗಿಯಿರಿ. ಫೋರ್ಕನ್ನು ಎಡಬಲ ಹತ್ತು ಸಲ ತಿರುಗಿಸಿ, ಗುಂಡುಗಳು ತಮ್ಮ ಜಾಗ ಹಿಡಿಯಲಿ, ಹೆಚ್ಚಿನ ಗ್ರೀಸ್ ಹೊರಬರಲಿ. ಮತ್ತೆ ಅಲುಗಾಟ ಬಂದಿದ್ದರೆ ಇನ್ನೊಮ್ಮೆ ಬಿಗಿಯಿರಿ. ಆಮೇಲೆ ಎಂಟನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಇದು ಒಂದೂವರೆ ಗಂಟೆಯಷ್ಟು. ತಿರುಪಿನ (ಥ್ರೆಡ್) ಹಲ್ಲುಗಳ ಅಂತರ 1 ಮಿ.ಮೀ ಎಂದಿಟ್ಟುಕೊಂಡರೆ ಅಷ್ಟು ತಿರುವಿಗೆ ಕೋನ್ ಏರುವುದು 0.125 ಮಿ.ಮೀ ಮಾತ್ರ. ಬಿಗಿಗೂ ಸರಿಗೂ ನಡುವಿನ ದೂರ ಅಷ್ಟೇ.

ಇನ್ನು ವಾಷರ್, ಅದರ ಮೇಲೆ ಕಚ್ಚಿನ ನಟ್ಟು. ಮೋಸ ಇರುವುದು ಇಲ್ಲಿ. ನಟ್ಟನ್ನು ಬಿಗಿಯುವಾಗ ಅದರ ಒತ್ತಡಕ್ಕೆ ಅದರಡಿಯ ಮೇಲಿನ ಕೋನೂ ಜೊತೆಗೆ ಸುತ್ತಿಕೊಂಡು, ಹಿಂದೆ ಬಿಟ್ಟಿದ್ದ ಎಂಟನೇ ಒಂದು ಸುತ್ತು ವಾಪಸ್ ಹೋಗಿಬಿಡುತ್ತದೆ. ವಾಷರಿನ ನಾಲಗೆ ಫೋರ್ಕಿನ ತೋಡಿನಲ್ಲಿ ಸರಿಯಾಗಿ ಕೂತಿದ್ದರೆ ಇದು ಬಹುಪಾಲು ತಪ್ಪುತ್ತದೆ. ನಾಲಗೆ ಮುರಿದ ಹಳೇ ವಾಷರನ್ನೇ ಮತ್ತೆ ಹಾಕಿದರೆ ಖಂಡಿತ ಆಗುತ್ತದೆ. ಆದ್ದರಿಂದ ನಟ್ಟು ಬಿಗಿದ ಮೇಲೆ ಬೆರಳಿನ ಪರೀಕ್ಷೆ ಮತ್ತೊಮ್ಮೆ ಮಾಡಲೇಬೇಕು. ಬಿಗಿಯೆನಿಸಿದರೆ ನಟ್ಟು ಸಡಿಲಿಸಿ, ಕೋನನ್ನು ಇನ್ನೊಂದು ಎಳೆ ಹಿಂದಕ್ಕೆ ತಂದು, ಮತ್ತೆ ಬಿಗಿಯಿರಿ. ಮೂರು ನಾಲ್ಕು ಸಲ ಮಾಡಬೇಕಾಗಿ ಬರುವುದು ಸಹಜ, ಅದಕ್ಕೆ ಬೇಸರಪಡುವ ಕೆಲಸವಲ್ಲ ಇದು.

ಹ್ಯಾಂಡಲ್ ಕೂರಿಸುವಾಗ ಯಾವ ಕೇಬಲೂ ಕೊಳವೆಯ ಅಂಚಿಗೂ ಹ್ಯಾಂಡಲಿಗೂ ನಡುವೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಿ, ಫೋಟೊ ತೆಗೆದದ್ದು ಇದಕ್ಕೇ. ಚಕ್ರ ನೇರಕ್ಕಿರುವಾಗ ಹ್ಯಾಂಡಲೂ ನೇರವಿರಲಿ, ಬೋಲ್ಟ್ ತನ್ನ ತೋಡಿನಲ್ಲಿ ಸಲೀಸಾಗಿ ಹಾಯಬೇಕು, ಹೊಡೆದು ತೂರಿಸುವಂತಾದರೆ ಹ್ಯಾಂಡಲ್ ಪೂರ್ತಿ ಕೆಳಗಿಳಿದಿಲ್ಲ. ಈ ಬೋಲ್ಟ್ ಸಡಿಲವಿದ್ದರೆ ಹ್ಯಾಂಡಲ್ ಒಂದು ಕಡೆ, ಚಕ್ರ ಒಂದು ಕಡೆ. ಬಿಗಿದ ಮೇಲೆ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲನ್ನು ಬಲವಾಗಿ ತಿರುಚಿ ನೋಡಿ, ಒಂದಿಷ್ಟೂ ಜಾರಬಾರದು. ಮುಂದಿನ ಬ್ರೇಕಿನ ಹಿಡಿತ ಸರಿಮಾಡಿಕೊಳ್ಳದೆ ಗಾಡಿ ಹೊರಡಿಸಬೇಡಿ.

ಬೇರೆ ಸ್ಕೂಟರುಗಳಲ್ಲಿ

ಬಜಾಜ್ ಸೂಪರ್, ಎಲ್‌ಎಂಎಲ್ ವೆಸ್ಪಾಗಳ ಕ್ರಮವೂ ಇದೇ, ಕೋನ್ ಸೆಟ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ಹೋಲಿಸಿ ತನ್ನಿ. ಲಖನೌದಲ್ಲಿ ತಯಾರಾಗುತ್ತಿದ್ದ ವಿಜಯ್ ಸೂಪರ್ ಲ್ಯಾಂಬ್ರೆಟಾ ಜಾತಿಯದು. ಅದರ ಫೋರ್ಕ್ ಚಕ್ರವನ್ನು ಎರಡೂ ಬದಿ ಹಿಡಿಯುತ್ತದೆ, ಬೇರಿಂಗಿನ ತತ್ವ ಬದಲಾಗಿಲ್ಲ. ಆಕ್ಟಿವಾದಂಥ ಗೇರಿಲ್ಲದ ಗಾಡಿಗಳಲ್ಲಿ ಕೇಬಲ್ ಕಡಿಮೆ, ಆದರೆ ಬೇರಿಂಗ್ ಕಾಣಬೇಕಾದರೆ ಮುಂದಿನ ಪ್ಲಾಸ್ಟಿಕ್ ಕವಚಗಳನ್ನು ಮೊದಲು ಬಿಚ್ಚಬೇಕು.

ಹೊಸ ಕಪ್‌ಗಳು ಮೊದಲ ಕೆಲವು ದಿನದಲ್ಲಿ ಇನ್ನೊಂದು ಎಳೆ ಒಳಗೆ ಕೂರುತ್ತವೆ. 300 ಕಿ.ಮೀ ಓಡಿದ ಮೇಲೆ ಮುಂದಿನ ಬ್ರೇಕ್ ಹಿಡಿದಾಗ ಟಕ್ ಎಂಬ ಸದ್ದು ಕೇಳಿದರೆ ಕೋನನ್ನು ಒಂದಿಷ್ಟು ಬಿಗಿಯಬೇಕು. ಅದಕ್ಕೆ ಫೋರ್ಕ್ ಇಳಿಸುವುದು ಬೇಡ, ಮೇಲಿನ ಮುಚ್ಚಳ ತೆಗೆದು ಹ್ಯಾಂಡಲ್ ಎತ್ತಿದರೆ ಸಾಕು, ಕೊಕ್ಕೆ ಸ್ಪ್ಯಾನರಿಗೆ ಹತ್ತು ನಿಮಿಷದ ಕೆಲಸ.